ಮಂಗಳವಾರ, ಗುರುವಾರದ ಕೋಚು

ಬೆಂಗಳೂರಲ್ಲಿರೋ ಫ್ರೆಂಡ್ ಒಬ್ಬನಿಗೆ ಫೋನಲ್ಲಿ ಸ್ಕಾಟ್ಲೆಂಡಿನ ಫುಟ್‌ಬಾಲ್ ಕೋಚ್ ಡಿಕ್ ಕ್ಯಾಂಪ್‌ಬೆಲ್ ಬಗ್ಗೆ ಹೇಳ್ತಾ ಇದ್ದೆ. ಅವನೂ ಫುಟ್‌ಬಾಲ್ ಹುಚ್ಚನೇ, ವೀಕೆಂಡ್ ಬಂದ್ರೆ ಮಧ್ಯರಾತ್ರಿ ಆದ್ರೂ ಟಿವಿ ಮುಂದಿಂದ ಏಳಲ್ಲ. ಎಲ್ಲಾ ಸಮಾಧಾನವಾಗಿ ಕೇಳಿಸ್ಕೊಂಡು ಕೊನೆಗೆ "ಅಂದ್ರೆ ಆಯಪ್ಪ ಮೇಲಕ್ಕೆ ಹೋಗ್ಲೇ ಇಲ್ಲ ಅನ್ನು" ಅಂದ. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಆಡಿದ ಕ್ಲಬ್ಬುಗಳು, ಕೋಚ್ ಮಾಡಿದ ಕ್ಲಬ್ಬುಗಳು ಅಂತ ಪಟ್ಟಿ ನೋಡಿದ್ರೆ ಯಾರಿಗಾದ್ರೂ ಹಂಗೇ ಅನ್ಸೋದು. ಕೌಡನ್‌ಬೀತ್, ಬ್ರೀಕಿನ್, ಫೋರ್ಫರ್, ಆರ್ಬ್ರೋತ್, ಈಸ್ಟ್ ಫೈಫ್. ಒಂದೂ ನಮ್ಮ ಕಡೆ ಕೇಳಿರೋ ಹೆಸರಲ್ಲ. ಆದ್ರೆ ಆ ಮಾತು ನನ್ನ ತಲೇಲಿ ಕೂತುಬಿಟ್ಟಿದೆ, ಯಾಕಂದ್ರೆ ನಾನು ಸ್ಕಾಟ್ಲೆಂಡಿನ ಡಂಡಿ ಊರಿಗೆ ಕೆಲಸಕ್ಕೆ ಬಂದು ಇಷ್ಟು ವರ್ಷದಲ್ಲಿ ಕಣ್ಣಾರೆ ನೋಡಿದ ಕೋಚುಗಳಲ್ಲಿ ಕೆಲಸ ಅಂದ್ರೆ ಏನು ಅಂತ ಇವ್ರಷ್ಟು ಚೆನ್ನಾಗಿ ತೋರಿಸಿಕೊಟ್ಟವರು ಇನ್ನೊಬ್ಬರಿಲ್ಲ. ಮೇಲೆ ಹೋಗೋದು ಅಂದ್ರೆ ಯಾವ ಮೇಲೆ, ಅಲ್ಲಿಗೆ ಹೋಗದೇ ಇರೋನ ಕೆಲಸವನ್ನ ಯಾವ ಅಳತೇಲಿ ಅಳೀಬೇಕು ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ ಅಂತ ಇದನ್ನ ಬರೀತಿದೀನಿ.

ಹಿಲ್ ಆಫ್ ಬೀತ್‌ನ ಅವಳಿಗಳು

ಕ್ಯಾಂಪ್‌ಬೆಲ್ ಹುಟ್ಟಿದ್ದು 1953ರಲ್ಲಿ, ಫೈಫ್ ಜಿಲ್ಲೆಯ ಹಿಲ್ ಆಫ್ ಬೀತ್ ಅನ್ನೋ ಕಲ್ಲಿದ್ದಲು ಗಣಿ ಹಳ್ಳೀಲಿ. ಹಳ್ಳಿ ಅಂದ್ರೆ ನಿಜವಾಗ್ಲೂ ಹಳ್ಳಿ, ಒಂದು ಸುತ್ತು ಹಾಕೋಕೆ ಅರ್ಧ ಗಂಟೆ ಬೇಡ. ಆದ್ರೆ 1960ರ ದಶಕದಲ್ಲಿ ಇಂಗ್ಲೆಂಡ್ ಡಿಫೆಂಡರ್‌ಗಳನ್ನ ಆಟ ಆಡಿಸಿದ ಜಿಮ್ ಬ್ಯಾಕ್ಸ್‌ಟರ್ ಇದೇ ಊರಿನವನು, ಅವನ ಪ್ರತಿಮೆ ಇವತ್ತಿಗೂ ಅಲ್ಲಿದೆ. ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದ ಸ್ಕಾಟ್ ಬ್ರೌನ್ ಕೂಡ ಇದೇ ಊರಿಂದ ಬಂದವನು. ಡಿಕ್ ಅವ್ರಿಗೆ ಇಯನ್ ಅಂತ ಅವಳಿ ತಮ್ಮ. ಇಬ್ಬರೂ ಫುಟ್‌ಬಾಲಿಗೇ ಇಳಿದ್ರು, ಆದ್ರೆ ಬ್ಯಾಕ್ಸ್‌ಟರ್ ತರ ಗ್ಲಾಸ್ಗೋದ ದೊಡ್ಡ ಕ್ಲಬ್ ರೇಂಜರ್ಸ್ ಕಡೆಗಲ್ಲ. ಡಿಕ್ ಕೌಡನ್‌ಬೀತ್‌ಗೆ ಆಡಿದ್ರು, ಡನ್‌ಫರ್ಮ್ಲಿನ್‌ನಲ್ಲಿದ್ರು, ಬ್ರೀಕಿನ್ ಸಿಟಿಗೆ ಆಡಿದ್ರು. ಇಯನ್ ಅದೇ ಬ್ರೀಕಿನ್‌ಗೆ ಗೋಲಿನ ಮೇಲೆ ಗೋಲು ಹೊಡೆದು ಕ್ಲಬ್ಬಿನ ದಾಖಲೆ ಮಾಡಿದ್ರು. ಕೌಡನ್‌ಬೀತ್ ಮೈದಾನ ನೋಡಿದವರಿಗೆ ಗೊತ್ತಿರತ್ತೆ, ಪಿಚ್ ಸುತ್ತ ಕಾರ್ ರೇಸಿನ ಟಾರ್ ಟ್ರ್ಯಾಕ್ ಇದೆ, ಜನ ಕೂರೋ ಜಾಗಕ್ಕೂ ಆಟಕ್ಕೂ ನಡುವೆ ಹಳೇ ಟೈರುಗಳ ಸಾಲು. ಬ್ರೀಕಿನ್ ಮೈದಾನದಲ್ಲಿ ಒಂದು ಕಡೆ ಗೋಡೆ ಬದ್ಲು ಉದ್ದಕ್ಕೂ ಗಿಡದ ಬೇಲಿ. ಇಂಥ ಜಾಗಗಳಲ್ಲಿ ಆಡಿ ಬೆಳೆದವರು ಇವ್ರು.

ಆಟಗಾರನಾಗಿ ಅವ್ರ ಬಗ್ಗೆ ನಾನು ಜಾಸ್ತಿ ಹೇಳೋಕೆ ಹೋಗಲ್ಲ, ನೋಡಿದವನಲ್ಲ. ನನಗೆ ಮುಖ್ಯ ಅನ್ಸೋದು ಆ ಆಟದ ಜೀವನ ಕಲಿಸಿದ್ದೇನು ಅನ್ನೋದು. ಕೆಳಗಿನ ಡಿವಿಷನ್ನಲ್ಲಿ ಆಡೋನಿಗೆ ಫುಟ್‌ಬಾಲ್ ಅನ್ನೋದು ದಿನದ ಎರಡನೇ ಕೆಲಸ. ಬೆಳಗ್ಗೆಯಿಂದ ಸಂಜೆ ತನಕ ಬೇರೆ ಎಲ್ಲೋ ಮೈ ಮುರಿದು ದುಡಿದು, ಊಟ ಕಾರಲ್ಲೇ ಮುಗಿಸಿ, ಏಳು ಗಂಟೆಗೆ ಫ್ಲಡ್‌ಲೈಟ್ ಕೆಳಗೆ ಬಂದು ನಿಲ್ಲೋನು ಅವನು. ಅವನ ಹತ್ರ ಏನು ಕೇಳಬಹುದು, ಏನು ಕೇಳಬಾರದು ಅನ್ನೋದನ್ನ ಲೈಸೆನ್ಸ್ ಕೋರ್ಸಲ್ಲಿ ಕೂತು ಕಲಿಯೋದು ಕಷ್ಟ, ಅದು ಅಂಥ ರಾತ್ರಿಗಳಲ್ಲಿ ನಿಂತವನಿಗೆ ತಾನಾಗೇ ಬರತ್ತೆ.

ಮೂರು ಊರು, ಒಂದೇ ರಸ್ತೆ

ಕೋಚಿಂಗ್ ಶುರುವಾಗಿದ್ದು ಡನ್‌ಫರ್ಮ್ಲಿನ್‌ನಲ್ಲಿ, ಬರ್ಟ್ ಪೇಟನ್ ಅವ್ರ ಅಸಿಸ್ಟೆಂಟ್ ಆಗಿ. 1996ರಲ್ಲಿ ಆ ಟೀಮು ಟಾಪ್ ಡಿವಿಷನ್‌ಗೆ ಹೋಯ್ತು. 1999ರಲ್ಲಿ ಪೇಟನ್ ಬಿಟ್ಟಾಗ ಕ್ಯಾಂಪ್‌ಬೆಲ್ ಮ್ಯಾನೇಜರ್ ಆದ್ರು, ಅದು ತುಂಬಾ ದಿನ ನಡೀಲಿಲ್ಲ. ನನ್ನ ಫ್ರೆಂಡ್ ಹೇಳೋ "ಮೇಲೆ" ಅನ್ನೋ ಜಾಗಕ್ಕೆ ಅವ್ರು ಹತ್ತಿರ ಹೋಗಿದ್ದು ಆಗ. ಆಮೇಲೆ 2000ದಲ್ಲಿ ಬ್ರೀಕಿನ್‌ಗೆ ಬಂದ್ರು. ಏಳು ಸಾವಿರ ಜನ ಇರೋ ಊರು. 2002ರಲ್ಲಿ ಕೊನೇ ಡಿವಿಷನ್ ಗೆದ್ರು, ಮರುವರ್ಷವೇ ಇನ್ನೊಂದು ಮೆಟ್ಟಿಲು ಹತ್ತಿ ಎರಡನೇ ಹಂತಕ್ಕೆ ಹೋದ್ರು, ಮರುವರ್ಷ ಕೆಳಗೆ ಬಿದ್ರು, 2005ರಲ್ಲಿ ಮತ್ತೆ ಚಾಂಪಿಯನ್ ಆಗಿ ಮೇಲೆ ಬಂದ್ರು. ಐದು ವರ್ಷದಲ್ಲಿ ಇಷ್ಟು ಏರಿಳಿತ. ಗ್ಲಾಸ್ಗೋದ ಪಾರ್ಟಿಕ್ ಥಿಸಲ್ ಕರೀತು, ಹೋದ್ರು, 2006ರಲ್ಲಿ ಪ್ಲೇಆಫ್, ಅಂದ್ರೆ ಸೀಸನ್ ಕೊನೇಲಿ ಮೇಲೆ ಯಾರು ಹೋಗ್ಬೇಕು ಅಂತ ತೀರ್ಮಾನಿಸೋ ಆಟ, ಪೆನಾಲ್ಟಿಯಲ್ಲಿ ಗೆದ್ದು ಪ್ರಮೋಷನ್ ಕೊಡಿಸಿದ್ರು, ಮುಂದಿನ ವರ್ಷ ಕೆಲಸ ಹೋಯ್ತು. ರಾಸ್ ಕೌಂಟಿಯಲ್ಲಿ ಕೆಲವೇ ತಿಂಗಳು. ನಂತರ 2008ರಿಂದ 2015ರ ತನಕ ಫೋರ್ಫರ್. ಅಲ್ಲೂ 2010ರಲ್ಲಿ ಪ್ಲೇಆಫ್ ಗೆದ್ದು ಪ್ರಮೋಷನ್, ಆ ಪ್ಲೇಆಫ್ ಫೈನಲಲ್ಲಿ ಸೋತ ಟೀಮು ಆರ್ಬ್ರೋತ್. 2013ರಲ್ಲಿ ಅದೇ ಫೋರ್ಫರ್ ಲೀಗ್ ಕಪ್ಪಲ್ಲಿ ಎಕ್ಸ್‌ಟ್ರಾ ಟೈಮ್ ಆಡಿ ರೇಂಜರ್ಸ್‌ನ 2-1ರಲ್ಲಿ ಸೋಲಿಸ್ತು. ರೇಂಜರ್ಸ್ ಆಗ ದುಡ್ಡಿನ ದಿವಾಳಿಯಾಗಿ ಕೆಳಗಿನ ಡಿವಿಷನ್ನಲ್ಲಿತ್ತು ನಿಜ, ಆದ್ರೂ ರೇಂಜರ್ಸ್ ರೇಂಜರ್ಸೇ. 2015ರ ಡಿಸೆಂಬರಲ್ಲಿ ಫೋರ್ಫರ್ ಕೂಡ ಮನೆಗೆ ಕಳಿಸ್ತು. ಮೂರು ತಿಂಗಳಾದ್ಮೇಲೆ ಆರ್ಬ್ರೋತ್.

ಇಲ್ಲಿಯ ಭೂಗೋಳ ಗೊತ್ತಿದ್ರೆ ಇದು ಎಷ್ಟು ವಿಚಿತ್ರ ಅನ್ನೋದು ಗೊತ್ತಾಗತ್ತೆ. ಆಂಗಸ್ ಅನ್ನೋ ಒಂದು ಪ್ರದೇಶ, ಅದರಲ್ಲಿ ಆರ್ಬ್ರೋತ್, ಮಾಂಟ್ರೋಸ್, ಬ್ರೀಕಿನ್, ಫೋರ್ಫರ್ ಅಂತ ನಾಲ್ಕು ಊರು, ನಾಲ್ಕಕ್ಕೂ ಒಂದೊಂದು ಫುಟ್‌ಬಾಲ್ ಕ್ಲಬ್. ಒಂದರಿಂದ ಇನ್ನೊಂದಕ್ಕೆ ಕಾರಲ್ಲಿ ಅರ್ಧ ಗಂಟೆಯೊಳಗೆ ಹೋಗಬಹುದು. ನಾಲ್ಕರಲ್ಲಿ ಮೂರನ್ನ ಒಬ್ಬನೇ ಮನುಷ್ಯ ನಡೆಸಿ, ಮೂರಕ್ಕೂ ಪ್ರಮೋಷನ್ ತಂದುಕೊಟ್ಟ. ಪಕ್ಕದೂರಿನ ವೈರಿಗಳ ಹತ್ರ ಕೆಲಸ ಮಾಡಿ ಬಂದವನನ್ನ ಜನ ಮನೆ ಒಳಗೆ ಸೇರಿಸ್ಕೊಂಡ್ರು. 2017ರಲ್ಲಿ ಆರ್ಬ್ರೋತ್ ಲೀಗ್ ಟೂ, ಅಂದ್ರೆ ಕೊನೇ ಡಿವಿಷನ್, ಗೆದ್ದಾಗ ಎರಡನೇ ಜಾಗದಲ್ಲಿದ್ದಿದ್ದು ಯಾರು ಅಂದ್ರೆ ಫೋರ್ಫರ್. 2019ರಲ್ಲಿ ಅದರ ಮೇಲಿನ ಲೀಗ್ ಒನ್ ಕೂಡ ಗೆದ್ರು. ಮೂರು ವರ್ಷದ ಹಿಂದೆ ಕೊನೇ ಡಿವಿಷನ್ನಿನ ತಳದಲ್ಲಿ ಒದ್ದಾಡ್ತಿದ್ದ ಟೀಮು ಈಗ ಎರಡನೇ ಹಂತದಲ್ಲಿ.

ಗೇಫೀಲ್ಡಿನ ಗಾಳಿ

ಡಂಡಿಯಿಂದ ಆರ್ಬ್ರೋತ್‌ಗೆ ರೈಲು ಸಮುದ್ರದ ಪಕ್ಕದಲ್ಲೇ ಹೋಗತ್ತೆ, ಕಾರ್ನೂಸ್ಟಿ ಗಾಲ್ಫ್ ಮೈದಾನ ದಾಟಿ. ಸ್ಟೇಷನ್ನಿಂದ ಇಳಿದು ದಡದ ಕಡೆ ನಡೆದ್ರೆ ಗೇಫೀಲ್ಡ್. ಯೂರೋಪಲ್ಲೇ ಸಮುದ್ರಕ್ಕೆ ಅತಿ ಹತ್ತಿರ ಇರೋ ಸ್ಟೇಡಿಯಂ ಅಂತ ಹೆಸರು, ಅದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ, ಗೋಡೆ ಆಚೆಗೆ ನಾರ್ತ್ ಸೀ. ಚಳಿಗಾಲದಲ್ಲಿ ದೊಡ್ಡ ಅಲೆ ಬಂದ್ರೆ ನೀರು ಗೋಡೆ ಹಾರಿ ಒಳಗೆ ಬೀಳತ್ತೆ. 1885ರಲ್ಲಿ ಆರ್ಬ್ರೋತ್ ಬಾನ್ ಅಕಾರ್ಡ್ ಅನ್ನೋ ಟೀಮನ್ನ 36-0 ಅಂತ ಸೋಲಿಸಿದ್ದು ಇವತ್ತಿಗೂ ಇಲ್ಲಿಯ ಜನ ಮೊದಲ ಭೇಟೀಲೇ ನಿಮಗೆ ಹೇಳಿಬಿಡ್ತಾರೆ, ಅದಾದ್ಮೇಲೆ ಹೊಗೆ ಹಾಕಿದ ಹ್ಯಾಡಕ್ ಮೀನು ತಿಂದ್ರಾ ಅಂತ ಕೇಳ್ತಾರೆ.

ನಾನು ಅಲ್ಲಿ ನೋಡಿದ ಒಂದು ಜನವರಿ ಶನಿವಾರದ ಆಟ ಮರೆಯೋ ಹಂಗಿಲ್ಲ. ಎದುರು ಟೀಮಿನ ಗೋಲ್‌ಕೀಪರ್ ಚೆಂಡನ್ನ ಎತ್ತರಕ್ಕೆ ಒದ್ದ, ಚೆಂಡು ಅರ್ಧ ಮೈದಾನ ಮುಟ್ಟೋ ಮೊದಲೇ ಗಾಳಿಗೆ ನಿಂತು, ತಿರುಗಿ ಅವನ ಪೆನಾಲ್ಟಿ ಬಾಕ್ಸ್ ಕಡೆಗೇ ಬಂತು. ಅವನ ಡಿಫೆಂಡರ್‌ಗಳೆಲ್ಲ ಆಗ್ಲೇ ಮುಂದೆ ಓಡಿ ಆಗಿತ್ತು. ಆದ್ರೆ ಆರ್ಬ್ರೋತ್ ಹುಡುಗರು ಇಬ್ಬರು ಅಲ್ಲೇ ನಿಂತಿದ್ರು, ಚೆಂಡು ಎಲ್ಲಿ ಬೀಳತ್ತೆ ಅಂತ ಮೊದಲೇ ಗೊತ್ತಿದ್ದವರ ಹಾಗೆ. ಗೋಲು ಆಗ್ಲಿಲ್ಲ, ಕಾರ್ನರ್ ಸಿಕ್ತು ಅಷ್ಟೇ. ನಾನು ನೋಡ್ತಿದ್ದಿದ್ದು ಡಗ್‌ಔಟ್ ಕಡೆ. ಚಪ್ಪಟೆ ಟ್ವೀಡ್ ಟೋಪಿ ಹಾಕ್ಕೊಂಡು ಕ್ಯಾಂಪ್‌ಬೆಲ್ ನಿಂತಿದ್ರು, ಆ ಕಾರ್ನರ್‌ಗೆ ಅವ್ರು ಚಪ್ಪಾಳೆ ತಟ್ಟಲಿಲ್ಲ, ಏನೂ ಮಾಡ್ಲಿಲ್ಲ, ದೂರದ ಅಂಚಲ್ಲಿ ಆಡೋ ಡಿಫೆಂಡರ್‌ಗೆ, ಅಂದ್ರೆ ಫುಲ್‌ಬ್ಯಾಕ್‌ಗೆ, ಎರಡು ಹೆಜ್ಜೆ ಒಳಗೆ ಬಾ ಅಂತ ಕೈಸನ್ನೆ ಮಾಡಿದ್ರು. ಕಾರ್ನರ್ ಕ್ಲಿಯರ್ ಆಗಿ ಚೆಂಡು ಗಾಳಿ ಜೊತೆ ಬಂದು ಬಿದ್ದಿದ್ದು ಸರಿಯಾಗಿ ಆ ಎರಡು ಹೆಜ್ಜೆ ಒಳಗೆ. ಆ ಫುಲ್‌ಬ್ಯಾಕ್ ಕಾಲಿಗೇ. ಸ್ಟ್ಯಾಂಡಲ್ಲಿ ಇದನ್ನ ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ, ನನ್ನ ಪಕ್ಕ ನಿಂತಿದ್ದ ಅಜ್ಜ ಮಾತ್ರ ಸಣ್ಣಗೆ ತಲೆ ಆಡಿಸಿದ.

ಇದಾದ್ಮೇಲೆ ನಾನು ಹೋದಾಗಲೆಲ್ಲ ಚೆಂಡಿಗಿಂತ ಆ ಮನುಷ್ಯನ್ನ ನೋಡೋದು ರೂಢಿ ಮಾಡ್ಕೊಂಡೆ. ಗಾಳಿ ಎಲ್ಲರಿಗೂ ಒಂದೇ, ಆದ್ರೆ ಬೇರೆ ಟೀಮುಗಳು ಗಾಳಿ ಜೊತೆ ಜಗಳ ಆಡ್ತಾ ಇದ್ವು, ಇವ್ರ ಹುಡುಗರಿಗೆ ಮೊದಲ ಹಾಫಲ್ಲಿ ಗಾಳಿ ಎದುರಿದ್ರೆ ಏನು, ಬೆನ್ನಿಗಿದ್ರೆ ಏನು ಅನ್ನೋದು ಬಾಯಿಪಾಠ ಆಗಿತ್ತು. ಗಾಳಿ ಎದುರಿದ್ದಾಗ ಚೆಂಡು ನೆಲ ಬಿಡ್ತಿರಲಿಲ್ಲ, ಥ್ರೋ ಇನ್ ಸಿಕ್ಕಿದ್ರೆ ಅವಸರ ಇರ್ತಿರಲಿಲ್ಲ, ಇಡೀ ಟೀಮು ಹತ್ತು ಗಜ ಒಳಗೆ ಕುಗ್ಗಿ ಆಡ್ತಿತ್ತು. ಹಾಫ್ ಟೈಮ್ ಆದ್ಮೇಲೆ ಅದೇ ಹನ್ನೊಂದು ಜನ ಬೇರೆ ಟೀಮಿನ ತರ ಕಾಣೋರು.

ಕಸದ ಲಾರಿ, ಸಂಬಳದ ಲೆಕ್ಕ

ಆ ಟೀಮಲ್ಲಿ ವಿಂಗರ್ ಬಾಬಿ ಲಿನ್ ಅಂತ ಇದ್ದ, ಡಂಡಿ ಹುಡುಗ, ಹಗಲು ಕಸದ ಲಾರಿ ಕೆಲಸ. ಪೇಪರ್‌ನವರಿಗೆ ಅದು ಎಷ್ಟು ಇಷ್ಟ ಆಗಿತ್ತು ಅಂದ್ರೆ ಆರ್ಬ್ರೋತ್ ಬಗ್ಗೆ ಬರೆದ ಯಾವ ಲೇಖನ ನೋಡಿದ್ರೂ ಎರಡನೇ ಪ್ಯಾರಾದಲ್ಲಿ ಅವನು ಬರ್ತಿದ್ದ. ಬಡ ಹುಡುಗರು ದೊಡ್ಡವರನ್ನ ಸೋಲಿಸಿದ ಕಥೆ, ಮುಗೀತು. ಈ ಕಥೆ ಓದಿ ಓದಿ ನನಗೆ ಸಿಟ್ಟು ಬರ್ತಿತ್ತು, ಯಾಕಂದ್ರೆ ಇದರಲ್ಲಿ ಕೆಲಸ ಮಾಡಿದವರ ಬುದ್ಧಿ ಎಲ್ಲೂ ಕಾಣಲ್ಲ, ಅದೃಷ್ಟ, ಹುಮ್ಮಸ್ಸು, ಗಾಳಿ ಇಷ್ಟೇ ಕಾಣತ್ತೆ.

ನಿಜವಾದ ಲೆಕ್ಕ ಬೇರೆ ಇದೆ. ಸ್ಕಾಟ್ಲೆಂಡ್‌ನ ಎರಡನೇ ಹಂತದಲ್ಲಿ ಬಹುತೇಕ ಎಲ್ಲಾ ಕ್ಲಬ್ಬುಗಳೂ ಫುಲ್‌ಟೈಮ್. ಅಲ್ಲಿ ಸಾಧಾರಣ ಆಟಗಾರನಿಗೆ ಸಿಗೋ ಸಂಬಳ ಅಂಥ ದೊಡ್ಡದೇನಲ್ಲ, ಕಾಂಟ್ರ್ಯಾಕ್ಟ್ ಒಂದು ವರ್ಷ, ಹೆಚ್ಚಂದ್ರೆ ಎರಡು. ಇಪ್ಪತ್ತೆಂಟು ವರ್ಷದ, ಮದುವೆ ಆಗಿ ಮಗು ಇರೋ ಒಬ್ಬ ಡಿಫೆಂಡರ್ ಯೋಚನೆ ಮಾಡ್ತಾನೆ, ಪ್ಲಂಬರ್ ಕೆಲಸವೋ ಟೀಚರ್ ಕೆಲಸವೋ ಇಟ್ಕೊಂಡು ಪಾರ್ಟ್‌ಟೈಮ್ ಆಡಿದ್ರೆ ಎರಡು ಸಂಬಳ, ಮೊಣಕಾಲು ಹೋದ್ರೂ ಮನೆ ನಡೆಯತ್ತೆ. ಅಂಥವನು ಫುಲ್‌ಟೈಮ್ ಕ್ಲಬ್ಬಿಗೆ ಹೋದ್ರೆ ಅವನಿಗೇ ನಷ್ಟ. ಕ್ಯಾಂಪ್‌ಬೆಲ್ ಹುಡುಕಿದ್ದು ಅಂಥವರನ್ನ. ರಿಕಿ ಲಿಟಲ್, ಥಾಮಸ್ ಓಬ್ರಯನ್, ಕಾಲಿನ್ ಹ್ಯಾಮಿಲ್ಟನ್, ಗೋಲಲ್ಲಿ ಡೆರೆಕ್ ಗ್ಯಾಸ್ಟನ್. ಈ ಹೆಸರುಗಳು ವರ್ಷಗಟ್ಟಲೆ ಟೀಮ್ ಶೀಟಲ್ಲಿ ಬದಲಾಗ್ಲೇ ಇಲ್ಲ. ಬೇರೆ ಕ್ಲಬ್ಬುಗಳು ಪ್ರತಿ ಜೂನಲ್ಲಿ ಅರ್ಧ ಟೀಮು ಬದಲಾಯಿಸಿ ಹೊಸದಾಗಿ ಪರಿಚಯ ಮಾಡ್ಕೋತಾ ಇದ್ರೆ, ಇಲ್ಲಿ ನಾಲ್ಕು ಡಿಫೆಂಡರ್‌ಗಳು ಒಬ್ಬರನ್ನೊಬ್ಬರು ತಿರುಗಿ ನೋಡೋ ಅಗತ್ಯನೇ ಇರ್ತಿರಲಿಲ್ಲ. ಅದಕ್ಕೆ ಮೇಲಿನ ಕ್ಲಬ್ಬುಗಳಿಂದ ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಕಡ ತಂದ, ಒಂದಿಬ್ಬರು ಚುರುಕು ಹುಡುಗರು, 2021-22ರ ಸೀಸನ್ನಲ್ಲಿ ಲಿವಿಂಗ್‌ಸ್ಟನ್‌ನಿಂದ ಬಂದ ಜೋಯಲ್ ನೂಬ್ಲೆ ತರದವರು. ವಾರಕ್ಕೆ ಎರಡು ರಾತ್ರಿ ಟ್ರೈನಿಂಗ್, ಮಂಗಳವಾರ ಮತ್ತು ಗುರುವಾರ. ಕೆಲವರು ಗ್ಲಾಸ್ಗೋ ಕಡೆಯವರು, ಅಲ್ಲಿಂದ ಆರ್ಬ್ರೋತ್ ನೂರು ಮೈಲಿ ಹತ್ತಿರ.

ಎರಡು ರಾತ್ರೀಲಿ ಏನು ಕಲಿಸೋಕಾಗತ್ತೆ ಅಂತ ಯೋಚನೆ ಮಾಡಿ. ಹೊಸ ಹೊಸ ಫಾರ್ಮೇಷನ್, ವಿಡಿಯೋ ಕ್ಲಾಸು ಇವಕ್ಕೆಲ್ಲ ಟೈಮ್ ಇಲ್ಲ, ಬಂದವರು ಆಗ್ಲೇ ಸುಸ್ತು. ಹಾಗಾಗಿ ಏನನ್ನ ಬಿಡಬೇಕು ಅನ್ನೋದೇ ಕೋಚಿಂಗ್ ಆಗತ್ತೆ. ಹಳ್ಳೀಲಿ ಒಂದೇ ಎತ್ತಿಟ್ಕೊಂಡು ಉಳುಮೆ ಮಾಡೋನು ಯಾವ ಹೊಲ ಯಾವತ್ತು ಅಂತ ಲೆಕ್ಕ ಹಾಕೋ ಹಾಗೆ, ಒಂದು ರಾತ್ರಿ ವೇಸ್ಟ್ ಆದ್ರೆ ವಾರದ ಅರ್ಧ ಹೋಯ್ತು. ನಿಂತ ಚೆಂಡಿನ ಆಟ, ಡಿಫೆನ್ಸ್ ಲೈನು, ಗಾಳಿ. ಇಷ್ಟನ್ನೇ ಮತ್ತೆ ಮತ್ತೆ. ಯಾರ ಕೆಲಸದಲ್ಲಿ ನೈಟ್ ಶಿಫ್ಟ್ ಇದೆ, ಯಾರ ಮನೇಲಿ ಮಗುಗೆ ಹುಷಾರಿಲ್ಲ ಅನ್ನೋದೂ ತಲೇಲಿರಬೇಕು, ಇಲ್ಲಾಂದ್ರೆ ಶನಿವಾರ ಮೂರು ಗಂಟೆಗೆ ಹನ್ನೊಂದು ಜನ ಸಿಗಲ್ಲ. ಇದಕ್ಕೆ ಜೊತೆಗಿದ್ದಿದ್ದು ಅದೇ ಅವಳಿ ತಮ್ಮ ಇಯನ್, ಅಸಿಸ್ಟೆಂಟ್ ಆಗಿ, ಕ್ಲಬ್ಬಿನಿಂದ ಕ್ಲಬ್ಬಿಗೆ.

ನಮ್ಮ ಬೆಂಗಳೂರಲ್ಲೂ ಎಚ್‌ಎಎಲ್, ಐಟಿಐ ಟೀಮುಗಳಲ್ಲಿ ಕಾರ್ಖಾನೆ ಐಡಿ ಕಾರ್ಡ್ ಹಾಕ್ಕೊಂಡೇ ದೊಡ್ಡ ದೊಡ್ಡ ಟೂರ್ನಮೆಂಟ್ ಆಡಿದವರಿದ್ದಾರೆ, ಅದರ ಮೇಲೆ ನನಗೆ ತುಂಬಾ ಗೌರವ. ಆದ್ರೆ ಅಲ್ಲಿ ಕೆಲಸ ಸಿಕ್ತಿದ್ದಿದ್ದೇ ಫುಟ್‌ಬಾಲ್ ಬರತ್ತೆ ಅಂತ, ಟ್ರೈನಿಂಗಿಗೆ ರಜಾನೂ ಕಾರ್ಖಾನೆನೇ ಕೊಡ್ತಿತ್ತು. ಆರ್ಬ್ರೋತ್‌ನಲ್ಲಿ ಮೇಸ್ತ್ರಿಗೂ ಕ್ಲಬ್ಬಿಗೂ ಸಂಬಂಧ ಇಲ್ಲ. ಎರಡರ ನಡುವೆ ಆಟಗಾರ ಒಬ್ಬನೇ ಓಡಾಡಬೇಕು, ಅವನ ಪರವಾಗಿ ಲೆಕ್ಕ ಇಡೋನು ಕೋಚು.

2022ರ ವಸಂತ

ಆ ಸೀಸನ್ ಇಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಆರ್ಬ್ರೋತ್ ತಿಂಗಳುಗಟ್ಟಲೆ ಚಾಂಪಿಯನ್‌ಶಿಪ್, ಅಂದ್ರೆ ಎರಡನೇ ಹಂತದ ಲೀಗಿನ, ಟೇಬಲ್ಲಿನ ತುದೀಲಿತ್ತು. ಪಾರ್ಟ್‌ಟೈಮ್ ಟೀಮೊಂದು ಎಲ್ಲಕ್ಕಿಂತ ಮೇಲಿನ ಸ್ಕಾಟಿಷ್ ಪ್ರೀಮಿಯರ್‌ಶಿಪ್ಪಿಗೆ ಹೋಗೋದು ಅನ್ನೋದು ಯಾವತ್ತೂ ಆಗಿರದ ಮಾತು. ಏಪ್ರಿಲ್ 22, ಶುಕ್ರವಾರ ರಾತ್ರಿ ಕಿಲ್ಮಾರ್ನಾಕ್‌ನಲ್ಲಿ ಆಟ, ಆರ್ಬ್ರೋತ್ ಮುಂದಿತ್ತು, ಕೊನೇ ಹತ್ತು ನಿಮಿಷದಲ್ಲಿ ಆಶ್ ಟೇಲರ್ ಸಮ ಮಾಡಿದ, ಬ್ಲೇರ್ ಆಲ್‌ಸ್ಟನ್ ಗೆಲುವಿನ ಗೋಲು ಹೊಡೆದ, ಟೈಟಲ್ ಅಲ್ಲಿಗೆ ಕಿಲ್ಮಾರ್ನಾಕ್ ಪಾಲಾಯ್ತು. ಅಂತರ ಕೊನೆಗೆ ಎರಡೇ ಪಾಯಿಂಟ್, 67 ಮತ್ತು 65. ಕ್ಯಾಂಪ್‌ಬೆಲ್ ಅವ್ರ ಹಳೇ ಮನೆ ಡನ್‌ಫರ್ಮ್ಲಿನ್ ಅದೇ ಡಿವಿಷನ್ನಲ್ಲಿ ಫುಲ್‌ಟೈಮ್ ಆಡಿ ಅದೇ ವರ್ಷ ಕೆಳಗಿಳೀತು.

ಪ್ಲೇಆಫ್ ಸೆಮಿಫೈನಲ್ ಇನ್ವರ್ನೆಸ್ ಜೊತೆ. ಮೊದಲ ಲೆಗ್ 0-0. ಎರಡನೇದಕ್ಕೆ ಗೇಫೀಲ್ಡ್ ತುಂಬಿ ತುಳುಕ್ತಿತ್ತು, ನಾನು ಹಾರ್ಬರ್ ಕಡೆಯ ಟೆರೇಸಲ್ಲಿ ಜಾಗ ಮಾಡ್ಕೊಂಡು ನಿಂತಿದ್ದೆ. ತೊಂಬತ್ತು ನಿಮಿಷ ಆಯ್ತು, ಗೋಲಿಲ್ಲ. ಎಕ್ಸ್‌ಟ್ರಾ ಟೈಮಿಗೆ ಹೋಯ್ತು. ಇನ್ವರ್ನೆಸ್ ಇಬ್ಬರಿಗೆ ರೆಡ್ ಕಾರ್ಡ್ ಆಗಿ ಒಂಬತ್ತೇ ಜನ ಉಳಿದ್ರು. ಈಗ ಬಂತು ಈಗ ಬಂತು ಅಂತ ಇಡೀ ಊರು ಉಸಿರು ಹಿಡ್ಕೊಂಡಿತ್ತು. ಕ್ರಾಸ್ ಮೇಲೆ ಕ್ರಾಸ್, ಇನ್ವರ್ನೆಸ್‌ನವರು ಎಲ್ಲಾನೂ ತಲೇಲಿ ಹೊಡೆದು ಆಚೆ ಹಾಕ್ತಿದ್ರು. ಆಗ ನನಗೆ ಕಂಡಿದ್ದು ಆರ್ಬ್ರೋತ್ ಹುಡುಗರ ಕಾಲು. ನಾಲ್ಕು ದಿನದಲ್ಲಿ ಎರಡನೇ ದೊಡ್ಡ ಆಟ, ಅದೂ 120 ನಿಮಿಷ, ಮಧ್ಯದಲ್ಲಿ ಅವ್ರವರ ಕೆಲಸ. ಒಬ್ಬ ಸ್ನಾಯು ಹಿಡಿದು ಕೂತ, ಇನ್ನೊಬ್ಬ ಅವನ ಪಾದ ಹಿಡಿದು ಎಳೀತಿದ್ದ, ಹಂಗೆ ಎಳೀತಿದ್ದವನೇ ಮುಂದಿನ ಕ್ರಾಸಿಗೆ ಓಡೋಕಾಗದೆ ಹಿಂದೆ ಉಳಿದ. ಒಂಬತ್ತು ಜನ ಇದ್ರೂ ಇನ್ವರ್ನೆಸ್ ಫುಲ್‌ಟೈಮ್ ಟೀಮು, ಅವ್ರ ಓಟ ನಿಲ್ಲಲಿಲ್ಲ. ಪೆನಾಲ್ಟಿಯಲ್ಲಿ 5-3, ಇನ್ವರ್ನೆಸ್ ಗೆದ್ದಿತು.

ಎಲ್ಲರೂ ಅದನ್ನ ದುರದೃಷ್ಟ ಅಂದ್ರು. ನನಗೆ ಅದು ದುರದೃಷ್ಟ ಅನ್ಸಿಲ್ಲ. ವಾರಕ್ಕೆ ಎರಡು ರಾತ್ರಿಯ ಟ್ರೈನಿಂಗ್ ಎಷ್ಟು ದೂರ ತಲುಪಬಹುದೋ ಅಷ್ಟು ದೂರ ಒಯ್ದು, ದೇಹ ಇನ್ನು ಆಗಲ್ಲ ಅನ್ನೋ ಜಾಗಕ್ಕೆ ಬಂದು ನಿಂತಿತು. ಮೂವತ್ತಾರು ಆಟದಲ್ಲಿ ಆ ಗೆರೆ ಕಾಣದ ಹಾಗೆ ಮುಚ್ಚಿಟ್ಟಿದ್ದು ಕೋಚು. ಮೂವತ್ತೆಂಟನೇ ಆಟದ ಎಕ್ಸ್‌ಟ್ರಾ ಟೈಮಲ್ಲಿ ಕಂಡಿತು ಅಂದ್ರೆ ಅವ್ರ ಕೆಲಸ ಎಷ್ಟು ಗಟ್ಟಿ ಇತ್ತು ಅಂತ ಲೆಕ್ಕ ಹಾಕಿ.

ಟೋಪಿ

ಟಿವಿಯವರಿಗೆ ಕ್ಯಾಂಪ್‌ಬೆಲ್ ಅಂದ್ರೆ ಟೋಪಿ, ಫೈಫ್ ಕಡೆಯ ಗಡಸು ಮಾತು, ಹಳೇ ಕಾಲದ ಮನುಷ್ಯ. ಆ ಪ್ರೀತಿ ಸುಳ್ಳು ಅಂತ ನಾನು ಹೇಳ್ತಿಲ್ಲ, ಅವ್ರ ಟೋಪಿಗೆ ಊರಲ್ಲಿ ಎಷ್ಟು ಅಭಿಮಾನ ಇತ್ತು ಅಂದ್ರೆ ಮಕ್ಕಳು ಅಂಥದ್ದೇ ಹಾಕ್ಕೊಂಡು ಮ್ಯಾಚಿಗೆ ಬರೋರು. ಆದ್ರೆ ಒಬ್ಬನನ್ನ ಹೀಗೆ ತಮಾಷೆಯ ಮನುಷ್ಯ ಮಾಡಿಬಿಟ್ರೆ ಅವನ ವಿದ್ಯೆ ಬಗ್ಗೆ ಯಾರೂ ಪ್ರಶ್ನೆ ಕೇಳಲ್ಲ. ಲ್ಯಾಪ್‌ಟಾಪ್ ಹಿಡಿದ ಮೂವತ್ತೈದು ವರ್ಷದ ಕೋಚ್ ತನ್ನ ಫುಲ್‌ಬ್ಯಾಕ್‌ನ ಎರಡು ಹೆಜ್ಜೆ ಒಳಗೆ ಕರೆದ್ರೆ ಅದರ ಮೇಲೆ ಹತ್ತು ನಿಮಿಷದ ವಿಡಿಯೋ ಬರತ್ತೆ, ಟೋಪಿ ಹಾಕಿದ ಅರವತ್ತೆಂಟರ ಕೋಚ್ ಅದನ್ನೇ ಮಾಡಿದ್ರೆ ಹುಮ್ಮಸ್ಸು ಅಂತಾರೆ. ನನ್ನ ಫ್ರೆಂಡ್ ಬಾಯಲ್ಲಿ "ಮೇಲಕ್ಕೆ ಹೋಗ್ಲಿಲ್ಲ" ಅಂತ ಬಂದಿದ್ದೂ ಇದರಿಂದಲೇ ಅಂತ ನನಗನ್ಸತ್ತೆ. ಫುಟ್‌ಬಾಲ್ ಅನ್ನೋದು ಒಂದೇ ಏಣಿ, ಕೆಳಗಿನ ಮೆಟ್ಟಿಲಲ್ಲಿರೋರೆಲ್ಲ ಮೇಲಿನದಕ್ಕೆ ಕಾಯ್ತಿರೋರು ಅಂತ ನಾವು ಅಂದ್ಕೊಂಡಿದೀವಿ. ಫುಲ್‌ಟೈಮ್ ಟೀಮು ನಡೆಸೋದು, ಪಾರ್ಟ್‌ಟೈಮ್ ಟೀಮು ನಡೆಸೋದು ಎರಡೂ ಬೇರೆ ಬೇರೆ ಕಸುಬು, ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿ ಒದ್ದಾಡಬಹುದು. ಡನ್‌ಫರ್ಮ್ಲಿನ್, ಪಾರ್ಟಿಕ್, ರಾಸ್ ಕೌಂಟಿಯಲ್ಲಿ ಅವ್ರು ಉಳೀಲಿಲ್ಲ, ನಿಜ. ಬ್ರೀಕಿನ್, ಫೋರ್ಫರ್, ಆರ್ಬ್ರೋತ್‌ನಲ್ಲಿ ಅವ್ರು ಮಾಡಿದ್ದನ್ನ ಮಾಡಿದ ಇನ್ನೊಬ್ಬನ ಹೆಸರು ಹೇಳಿ ಅಂದ್ರೆ ನನಗೆ ಒಂದೂ ಹೊಳೆಯಲ್ಲ.

ಆರ್ಬ್ರೋತ್‌ನಲ್ಲೂ ಕೊನೆ ಚೆನ್ನಾಗಿ ಆಗ್ಲಿಲ್ಲ. ವಯಸ್ಸಾದ ಟೀಮು, ಲೋನ್ ಹುಡುಗರು ಹೊರಟುಹೋದ್ರು, 2023ರ ನವೆಂಬರಲ್ಲಿ ಕ್ಯಾಂಪ್‌ಬೆಲ್ ಕೂಡ ಹೊರಟ್ರು. ಆ ಸೀಸನ್ ಕೊನೆಗೆ ಆರ್ಬ್ರೋತ್ ಕೆಳಗೆ ಬಿತ್ತು. ಸ್ವಲ್ಪ ಮೊದಲೇ ಟೀಮನ್ನ ಹೊಸದು ಮಾಡಬೇಕಿತ್ತು ಅನ್ನೋರು ಇದ್ದಾರೆ, ನಾನೂ ಅದನ್ನ ಒಪ್ತೀನಿ, ನಂಬಿದವರನ್ನ ಬಿಡೋಕೆ ಮನಸ್ಸು ಬರದೇ ಇರೋದು ಅವ್ರ ಶಕ್ತಿನೂ ಹೌದು, ಕೊನೇಲಿ ತೊಡಕಾಗಿದ್ದೂ ಅದೇ. ಮುಂದಿನ ವರ್ಷ, ಎಪ್ಪತ್ತು ದಾಟಿದ ಮೇಲೆ, ಅವ್ರು ಮೆಥಿಲ್‌ನಲ್ಲಿರೋ ಈಸ್ಟ್ ಫೈಫ್‌ಗೆ ಮ್ಯಾನೇಜರ್ ಆಗಿ ಹೋದ್ರು. ಮತ್ತೆ ಕೊನೇ ಡಿವಿಷನ್, ಮತ್ತೆ ಅದೇ ಸಮುದ್ರದ ಪಕ್ಕದ ಮೈದಾನ, ಮತ್ತೆ ಹಗಲು ಬೇರೆ ಕೆಲಸ ಮಾಡೋ ಹುಡುಗರು.

ಇತ್ತ ಆರ್ಬ್ರೋತ್ 2024ರಲ್ಲಿ ಸೀಸನ್ ಮಧ್ಯ ಮ್ಯಾನೇಜರ್ ಬದಲಾಯಿಸಬೇಕಾಗಿ ಬಂದಾಗ ಹೊರಗಿಂದ ಯಾರನ್ನೂ ತರಲಿಲ್ಲ. ಲೆಫ್ಟ್‌ಬ್ಯಾಕ್ ಕಾಲಿನ್ ಹ್ಯಾಮಿಲ್ಟನ್, ಮಿಡ್‌ಫೀಲ್ಡರ್ ಡೇವಿಡ್ ಗೋಲ್ಡ್, ಇಬ್ಬರೂ ಕ್ಯಾಂಪ್‌ಬೆಲ್ ಕೆಳಗೆ ವರ್ಷಗಟ್ಟಲೆ ಆಡಿದವರು, ಇಬ್ಬರ ಕೈಗೂ ಟೀಮು ಕೊಟ್ರು. 2025ರ ವಸಂತದಲ್ಲಿ ಇಬ್ಬರೂ ಸೇರಿ ಲೀಗ್ ಒನ್ ಗೆದ್ದು ಕ್ಲಬ್ಬನ್ನ ವಾಪಸ್ ಚಾಂಪಿಯನ್‌ಶಿಪ್ಪಿಗೆ ತಂದ್ರು, ಆಗಲೂ ಆರ್ಬ್ರೋತ್ ಪಾರ್ಟ್‌ಟೈಮೇ.